ಮುಕ್ತ ಉಪಗ್ರಹ ಪ್ರಸಾರಕ್ಕೆ ಗಣಕದ ಟ್ಯೂನರ್ ಕಾರ್ಡು: ಉಚ್ಚಂಗಿದುರ್ಗದ ಸೀಮೆಗೆ ಅನ್ವಯಿಸಿ ಒಂದು ವಿವೇಚನೆ

ಉಪಗ್ರಹದ ಮೂಲಕ ಬರುವ ದೂರದರ್ಶನ ಪ್ರಸಾರವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು, ನೋಡುವುದಕ್ಕೂ ದಾಖಲು ಮಾಡಿ ಇಟ್ಟುಕೊಳ್ಳುವುದಕ್ಕೂ ಅನುಕೂಲ ಮಾಡಿಕೊಡುವ ಸಾಧನವೇ ಟ್ಯೂನರ್ ಕಾರ್ಡು. ಅದನ್ನು ಕೊಳ್ಳುವುದು ಅಂಗಡಿಯ ವ್ಯವಹಾರ. ಸಂಶೋಧನ ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವು ವಾಚಕರಿಗೆ ತೋರಬಹುದು. ಆದಕಾರಣ ಒಂದು ಸಂಗತಿಯನ್ನು ಮೊದಲೇ ಹೇಳುತ್ತೇವೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ಶಿಕ್ಷಣ ಇಲಾಖೆಯು ಪ್ರೌಢಶಾಲೆಯ ಮಕ್ಕಳಿಗಾಗಿ ‘ಸೇತುಬಂಧ’, ‘ಸಂವೇದ’ ಎಂಬ ಪಾಠಮಾಲೆಗಳನ್ನು ದೂರದರ್ಶನದ ಚಂದನ ವಾಹಿನಿಯಲ್ಲಿ ಬಿತ್ತರಿಸಿತು. ಪ್ರಸಾರದ ಪಾಠಕ್ಕೆ ಗೊತ್ತಾದ ಹೊತ್ತು ಉಂಟು. ಆ ಹೊತ್ತಿನಲ್ಲಿ ವಿದ್ಯುತ್ತು ಹೋದ ಮನೆಗೆ, ಹೊಲದ ಕೆಲಸಕ್ಕೆ ಹೋದ ಹುಡುಗನಿಗೆ, ಒಂದೇ ಪೆಟ್ಟಿಗೆಯ ಮುಂದೆ ಮೂರು ತರಗತಿಗಳ ಮಕ್ಕಳಿರುವ ಕುಟುಂಬಕ್ಕೆ ಆ ಪಾಠವು ದಕ್ಕುವುದು ಹೇಗೆ? ತರಂಗವು ಎಲ್ಲರ ಮಾಳಿಗೆಯ ಮೇಲೂ ಸಮನಾಗಿ ಬೀಳುತ್ತದೆ. ಅದನ್ನು ಹಿಡಿದಿಡುವ ಉಪಕರಣವು ಮಾತ್ರ ಎಲ್ಲರಲ್ಲಿಯೂ ಇರುವುದಿಲ್ಲ. ಶಾಲೆಯಲ್ಲಿ ಅಥವಾ ಗ್ರಾಮದ ಗ್ರಂಥಾಲಯದಲ್ಲಿ ತಕ್ಕ ಕಾರ್ಡುಳ್ಳ ಒಂದು ಗಣಕವಿದ್ದರೆ ತಪ್ಪಿಹೋದ ಪಾಠವನ್ನು ಮರುದಿನವೂ ಮರುವರ್ಷವೂ ತೋರಿಸಬಹುದು. ಆದುದರಿಂದ ಯಾವ ಕಾರ್ಡು ತಕ್ಕದ್ದು, ಏಕೆ ತಕ್ಕದ್ದು ಎಂಬುದನ್ನು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂತಹ ಒಂದು ಊರನ್ನು ಕಣ್ಣಮುಂದಿಟ್ಟುಕೊಂಡು ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

ಗ್ರಾಹಕ ಯಂತ್ರವಿಲ್ಲದೆ ತರಂಗ ವ್ಯರ್ಥವೆಂಬ ಮಾತಿಗೆ ಈ ಸೀಮೆಯ ನೆರೆಯಲ್ಲಿಯೇ ಹಳೆಯ ನಿದರ್ಶನವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ನಡೆದ ಉಪಗ್ರಹ ಬೋಧನ ದೂರದರ್ಶನ ಪ್ರಯೋಗದಲ್ಲಿ ದೇಶದ 6 ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದವು. ಕರ್ನಾಟಕದಲ್ಲಿ ಅದಕ್ಕಾಗಿ ಆಯ್ದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು, ಬಿಜಾಪುರ. ಅಮೆರಿಕದ ಎಟಿಎಸ್-6 ಉಪಗ್ರಹದಿಂದ 860 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಇಳಿದು ಬರುತ್ತಿದ್ದ ಕಾರ್ಯಕ್ರಮವನ್ನು ಹಳ್ಳಿಯವರು 3 ಮೀಟರು ವ್ಯಾಸದ ತಂತಿಜಾಲರಿಯ ಡಿಶ್ಶಿನಿಂದ ಹಿಡಿಯುತ್ತಿದ್ದರು. ಅಂದು ಕೊಪ್ಪಳವು ರಾಯಚೂರು ಜಿಲ್ಲೆಗೆ ಸೇರಿತ್ತು. ಎಂದರೆ ಪ್ರಯೋಗದ ಗಡಿಯು ತುಂಗಭದ್ರೆಯ ಆಚೆಯ ದಡದವರೆಗೆ ಬಂದು ನಿಂತಿತ್ತು. ಈಚೆಯ ದಡದ ಬಳ್ಳಾರಿ ಜಿಲ್ಲೆಯ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಮೇಲೆಯೂ ಅದೇ ತರಂಗವು ಬೀಳುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ನದಿ ದಾಟದೆ ಉಳಿದುದು ಡಿಶ್ಶು, ತರಂಗವಲ್ಲ.

ಇಂದು ಆ ಕೊರತೆಯು ಬೇರೆಯ ರೂಪದಲ್ಲಿದೆ. 2004ರ ಡಿಸೆಂಬರಿನಲ್ಲಿ 33 ವಾಹಿನಿಗಳೊಂದಿಗೆ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಸೇವೆಯು ಈಗ ಡಿಡಿ ಫ್ರೀ ಡಿಶ್ ಎಂಬ ಹೆಸರಿನಿಂದ, ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲಿರುವ ಜಿಸ್ಯಾಟ್-15 ಉಪಗ್ರಹದ ಮೂಲಕ ಬರುತ್ತಿದೆ. ತಿಂಗಳ ಬಾಡಿಗೆಯಿಲ್ಲ. ಚಂದನವು ಅದರಲ್ಲಿ ಸೇರಿದೆ. ಕೇಂದ್ರ ಸರ್ಕಾರವು 2017ರಲ್ಲಿ 32 ವಾಹಿನಿಗಳೊಂದಿಗೆ ಆರಂಭಿಸಿದ ‘ಸ್ವಯಂ ಪ್ರಭಾ’ ಎಂಬ ಶಿಕ್ಷಣ ವಾಹಿನಿಗಳ ಸಮೂಹವೂ ಇದೇ ಉಪಗ್ರಹವನ್ನು ಆಶ್ರಯಿಸಿತು. ದಿನಕ್ಕೆ ಕನಿಷ್ಠ 4 ಗಂಟೆಯ ಹೊಸ ಪಾಠ, ಅದೇ ದಿನ 5 ಬಾರಿ ಅದರ ಮರುಪ್ರಸಾರ ಎಂಬುದು ಅದರ ಕ್ರಮ. ನೆಲದ ಮೇಲಣ ಗೋಪುರಗಳಿಂದ ನಡೆಯುತ್ತಿದ್ದ ದೂರದರ್ಶನದ ಹಳೆಯ ಪ್ರಸಾರವು 2021–22ರ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋದುದರಿಂದ, ಕೇಬಲ್ಲಿಗೂ ಮಾಸಿಕ ಹಣಕ್ಕೂ ಒಳಪಡದೆ ಹಳ್ಳಿಗೆ ಉಳಿದಿರುವ ಮಾರ್ಗವು ಇದೊಂದೇ ಎನ್ನಬೇಕು.

ಇನ್ನು ಆಕಾಶದ ಲೆಕ್ಕ. ಉಚ್ಚಂಗಿದುರ್ಗವು ಉತ್ತರ ಅಕ್ಷಾಂಶ ಸುಮಾರು 14.6, ಪೂರ್ವ ರೇಖಾಂಶ ಸುಮಾರು 76 ಡಿಗ್ರಿಯಲ್ಲಿದೆ. ಈ ಅಂಕಗಳಿಂದ ನಾವು ಗಣಿಸಿದಂತೆ 93.5 ಡಿಗ್ರಿಯ ಉಪಗ್ರಹವು ಇಲ್ಲಿಂದ ಆಗ್ನೇಯಕ್ಕೆ, ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 128.5 ಡಿಗ್ರಿಯ ದಿಕ್ಕಿನಲ್ಲಿ, ಕ್ಷಿತಿಜದಿಂದ ಸುಮಾರು 63.5 ಡಿಗ್ರಿ ಎತ್ತರದಲ್ಲಿದೆ. ದೂರ ಸುಮಾರು 36,360 ಕಿಲೋಮೀಟರು. ಎತ್ತರದ ಅಂಕವು ಬಹಳ ಅನುಕೂಲಕರವಾದುದು. ಅಷ್ಟು ಮೇಲಿರುವ ಉಪಗ್ರಹವನ್ನು 10 ಮೀಟರು ಎತ್ತರದ ಮರವು ಮರೆಮಾಡಬೇಕಾದರೆ ಅದು ಡಿಶ್ಶಿನಿಂದ 5 ಮೀಟರಿನೊಳಗೆ ನಿಂತಿರಬೇಕು. ಬೆಟ್ಟಕ್ಕೂ ಅದೇ ಪ್ರಮಾಣ: 100 ಮೀಟರು ಏರಿದ ಬಂಡೆಯೂ 50 ಮೀಟರಿನ ಒಳಗಿದ್ದರೆ ಮಾತ್ರ ಅಡ್ಡಿ. ಗೋಪುರದ ಪ್ರಸಾರವಿದ್ದ ಕಾಲದಲ್ಲಿ ಬೆಟ್ಟದ ಮರೆಯ ಊರು ಚಿತ್ರಕ್ಕಾಗಿ ಪರದಾಡಬೇಕಾಗುತ್ತಿತ್ತು. ಮೇಲಿನಿಂದ ಇಳಿಯುವ ತರಂಗಕ್ಕೆ ಆ ತೊಡಕಿಲ್ಲ. ಗಂಗ ಮಾರಸಿಂಹನೂ ಇಮ್ಮಡಿ ಬಲ್ಲಾಳನೂ ಸೈನ್ಯ ಕಟ್ಟಿಕೊಂಡು ಬಂದು ಗೆಲ್ಲಬೇಕಾಗಿದ್ದ ಈ ಕೋಟೆಯನ್ನು ತರಂಗವು ಬಾಗಿಲು ತಟ್ಟದೆಯೇ ಹೊಕ್ಕಿದೆ.

ಮಾರುಕಟ್ಟೆಯಲ್ಲಿ ದೊರೆಯುವ ಡಿಶ್ಶುಗಳಲ್ಲಿ ಬಹುಪಾಲಿನವು ಓರೆ ನಾಭಿಯವು. ಅವುಗಳ ಮುಖವು ತಾವು ನೋಡುವ ದಿಕ್ಕಿಗಿಂತ ಸುಮಾರು 25 ಡಿಗ್ರಿ ತಗ್ಗಿರುವಂತೆ ಕಾಣುತ್ತದೆ. ಆದಕಾರಣ 63.5 ಡಿಗ್ರಿಯ ಉಪಗ್ರಹಕ್ಕೆ ತಿರುಗಿಸಿದ ಡಿಶ್ಶು ನೆಟ್ಟಗಿನ ಗೋಡೆಯಿಂದ ಸುಮಾರು 38 ಡಿಗ್ರಿ ಮಾತ್ರ ಹಿಂದಕ್ಕೆ ವಾಲಿರುತ್ತದೆ. ಇದನ್ನು ತಿಳಿಯದೆ ತಟ್ಟೆಯನ್ನು ಆಕಾಶಕ್ಕೆ ಅಂಗಾತ ಮಾಡಿ ಕಾರ್ಡನ್ನು ದೂರುವವರು ಇದ್ದಾರೆ. ನಾಭಿಯಲ್ಲಿರುವ ಎಲ್‌ಎನ್‌ಬಿಯನ್ನೂ ಅದರ ಅಕ್ಷದ ಸುತ್ತ ತಿರುಗಿಸಬೇಕು. ಉಪಗ್ರಹದ ಧ್ರುವೀಕರಣವು ಭೂಮಧ್ಯರೇಖೆಗೆ ಹೊಂದಿಕೊಂಡಿದೆಯೆಂದು ಭಾವಿಸಿದರೆ ಇಲ್ಲಿ ಆ ತಿರುವು ಸುಮಾರು 49 ಡಿಗ್ರಿ. ತಿರುಗಿಸದೆ ಬಿಟ್ಟರೆ ಬರುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಎಷ್ಟು ಬೆಲೆಯ ಕಾರ್ಡೂ ಈ ನಷ್ಟವನ್ನು ತುಂಬಲಾರದು.

ಎಲ್‌ಎನ್‌ಬಿಯ ಕೆಲಸವನ್ನು ಅರಿತರೆ ಕಾರ್ಡಿನ ಕೆಲಸವು ತಾನಾಗಿ ಅರ್ಥವಾಗುತ್ತದೆ. ಉಪಗ್ರಹದಿಂದ ಬರುವ ಕ್ಯೂ-ಪಟ್ಟಿಯ ತರಂಗವು ಕೇಬಲ್ಲಿನಲ್ಲಿ ಹರಿಯಲಾರದಷ್ಟು ಉಚ್ಚ ಆವೃತ್ತಿಯದು. ಎಲ್‌ಎನ್‌ಬಿಯು ಅದರಿಂದ ಒಂದು ಸ್ಥಿರ ಆವೃತ್ತಿಯನ್ನು ಕಳೆದು ಕೆಳಕ್ಕೆ ಇಳಿಸುತ್ತದೆ. ಉದಾಹರಣೆಗೆ 11090 ಮೆಗಾಹರ್ಟ್ಸಿನ ತರಂಗದಿಂದ 9750ನ್ನು ಕಳೆದರೆ 1340 ಉಳಿಯುತ್ತದೆ. ಕಾರ್ಡಿಗೆ ಬಂದು ಮುಟ್ಟುವುದು ಈ 1340. ಉಪಗ್ರಹದ ಕಾರ್ಡುಗಳೆಲ್ಲ 950ರಿಂದ 2150 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಗ್ರಹಿಸುತ್ತವೆ. ಇಷ್ಟಲ್ಲದೆ ಅದೇ ಕೇಬಲ್ಲಿನ ಮೂಲಕ ಕಾರ್ಡು ಎಲ್‌ಎನ್‌ಬಿಗೆ ವಿದ್ಯುತ್ತನ್ನು ಒದಗಿಸುತ್ತದೆ: 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣ, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣ. ಅದರ ಮೇಲೆ 22 ಕಿಲೋಹರ್ಟ್ಸಿನ ಒಂದು ನಾದವನ್ನು ಸೇರಿಸಿದರೆ ಎಲ್‌ಎನ್‌ಬಿಯು ಪಟ್ಟಿಯ ಮೇಲ್ಭಾಗಕ್ಕೆ ಬದಲಾಗುತ್ತದೆ. ಹೀಗೆ ಕಾರ್ಡು ಬರಿಯ ಕಿವಿಯಲ್ಲ, ಆಜ್ಞೆ ಕೊಡುವ ಬಾಯಿಯೂ ಹೌದು.

ಇಲ್ಲಿಯೇ ಕೊಳ್ಳುವವರು ಮೊದಲು ಎಡವುವುದು. ನಮ್ಮ ಪೇಟೆಗಳ ಅಂಗಡಿಗಳಲ್ಲಿ ‘ಟಿವಿ ಟ್ಯೂನರ್ ಕಾರ್ಡು’ ಎಂದು ಬಹುಕಾಲ ಮಾರಾಟವಾದುದು ಕೇಬಲ್ಲಿನ ಹಳೆಯ ಅನುರೂಪ ಪ್ರಸಾರವನ್ನು ತೋರಿಸುವ ಸಾಧನ. ಕಡ್ಡಿಯಂತಿರುವ ಅಗ್ಗದ ಯುಎಸ್‌ಬಿ ಸಾಧನಗಳಲ್ಲಿ ಅನೇಕವು ನೆಲದ ಗೋಪುರಗಳ ಅಂಕೀಯ ಪ್ರಸಾರಕ್ಕಾಗಿ ಮಾಡಿದವು; ಅವುಗಳ ಹೆಸರಿನಲ್ಲಿ ಡಿವಿಬಿ-ಟಿ ಎಂಬ ಅಕ್ಷರಗಳಿರುತ್ತವೆ. ಇವೆರಡೂ ಎಲ್‌ಎನ್‌ಬಿಗೆ ವಿದ್ಯುತ್ತು ಕೊಡಲಾರವು; ಉಪಗ್ರಹದ ಸಂಕೇತಕ್ರಮವೂ ಇವಕ್ಕೆ ತಿಳಿಯದು. ನಮಗೆ ಬೇಕಾದುದು ಡಿವಿಬಿ-ಎಸ್ ಅಥವಾ ಡಿವಿಬಿ-ಎಸ್2 ಎಂದು ಬರೆದಿರುವುದು. ಕೇಬಲ್ಲಿನ ತುದಿಯನ್ನು ತಿರುಪಿ ಕೂಡಿಸುವ ಮರೆಯಿದ್ದರೆ ಉಪಗ್ರಹದ್ದಿರಬಹುದೆಂದು ಊಹಿಸಬಹುದಾದರೂ ಅದನ್ನೇ ಪ್ರಮಾಣವೆಂದು ನಂಬಲಾಗದು. ಬರಹವನ್ನು ಓದಿಯೇ ಕೊಳ್ಳಬೇಕು.

ಡಿವಿಬಿ-ಎಸ್ 1990ರ ದಶಕದ ಮಧ್ಯದ ಮಾನಕ, ಡಿವಿಬಿ-ಎಸ್2 2005ರದು. ಮೊದಲನೆಯದರಲ್ಲಿ ಪ್ರತಿ ಸಂಕೇತವೂ 2 ಬಿಟ್ಟುಗಳನ್ನು ಹೊರುತ್ತದೆ. ಎರಡನೆಯದು 3 ಬಿಟ್ಟುಗಳನ್ನೂ ಹೊರಬಲ್ಲದು. ದೋಷ ತಿದ್ದುವ ವಿಧಾನವೂ ಅದರಲ್ಲಿ ಹೆಚ್ಚು ಸಮರ್ಥವಾದುದರಿಂದ ಅಷ್ಟೇ ಪಟ್ಟಿಯಲ್ಲಿ ಸುಮಾರು ಶೇಕಡಾ 30ರಷ್ಟು ಹೆಚ್ಚು ಮಾಹಿತಿ ಸಾಗುತ್ತದೆ. ಫ್ರೀ ಡಿಶ್ಶಿನಲ್ಲಿ ಹಳೆಯ ಕ್ರಮದ ವಾಹಿನಿಗಳೂ ಹೊಸ ಕ್ರಮದವೂ ಕೂಡಿ ಬರುತ್ತವೆ. ಹೊಸ ಕಾರ್ಡು ಹಳೆಯದನ್ನೂ ಗ್ರಹಿಸುತ್ತದೆ. ಹಳೆಯ ಕಾರ್ಡು ಹೊಸದನ್ನು ಗ್ರಹಿಸಲಾರದು. ಆದುದರಿಂದ ಡಿವಿಬಿ-ಎಸ್ ಮಾತ್ರ ಬರೆದಿರುವ ಕಾರ್ಡನ್ನು, ಯಾರಾದರೂ ಪುಕ್ಕಟೆ ಕೊಟ್ಟರೂ, ಶಾಲೆಯ ಕೆಲಸಕ್ಕೆ ಆರಿಸಲಾಗದು. ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿಗೆ ಅವಕಾಶವಿಲ್ಲ.

ಕಾರ್ಡುಗಳಲ್ಲಿ ಇನ್ನೊಂದು ಭೇದವುಂಟು; ಅದು ಬೆಲೆಗೆ ವಿರುದ್ಧವಾಗಿ ನಡೆಯುವುದರಿಂದ ಸ್ವಲ್ಪ ವಿವರಿಸಬೇಕು. 2000ದ ಆಸುಪಾಸಿನಲ್ಲಿ ಬೆಲೆಬಾಳುವ ಕಾರ್ಡುಗಳಲ್ಲಿ ಚಿತ್ರವನ್ನು ಬಿಡಿಸುವ ಎಂಪೆಗ್-2 ಚಿಪ್ಪು ಕಾರ್ಡಿನ ಮೇಲೆಯೇ ಇರುತ್ತಿತ್ತು. ಆಗಿನ ಗಣಕಗಳ ಶಕ್ತಿ ಕಡಮೆ. ಆದುದರಿಂದ ಕಾರ್ಡೇ ಆ ಕೆಲಸ ಮಾಡಲೆಂಬ ಉದ್ದೇಶ. ಅಗ್ಗದ ಕಾರ್ಡುಗಳು ಬಿಡಿಸುವ ಗೋಜಿಗೆ ಹೋಗದೆ ಬಂದ ಮಾಹಿತಿಯನ್ನು ಬಂದಂತೆಯೇ ಗಣಕಕ್ಕೆ ಒಪ್ಪಿಸುತ್ತಿದ್ದವು. ಕಾಲ ಕಳೆದು ಎಂಪೆಗ್-4 ಬಂದಾಗ ಬೆಲೆಬಾಳುವ ಕಾರ್ಡಿನ ಚಿಪ್ಪು ಅದನ್ನು ಅರಿಯದೆ ಮೂಕವಾಯಿತು; ಅಗ್ಗದ ಕಾರ್ಡು ಮಾತ್ರ ಎಂದಿನಂತೆ ಒಪ್ಪಿಸುತ್ತಲೇ ಇತ್ತು, ಬಿಡಿಸುವ ತಂತ್ರಾಂಶವನ್ನು ಗಣಕದಲ್ಲಿ ಬದಲಿಸಿದರೆ ಸಾಕಾಗಿತ್ತು. ಇಂದು ದೊರೆಯುವ ಕಾರ್ಡುಗಳಲ್ಲಿ ಬಹುತೇಕ ಎಲ್ಲವೂ ಈ ಎರಡನೆಯ ಜಾತಿಯವು. ದಾಖಲು ಮಾಡುವವನಿಗೆ ಬೇಕಾದುದೂ ಇದೇ. ಏಕೆಂದರೆ ಮಾರ್ಪಾಡಿಲ್ಲದೆ ಉಳಿಸಿದ ಪಾಠವು ಪ್ರಸಾರಕೇಂದ್ರದಿಂದ ಹೊರಟ ಗುಣದಲ್ಲಿಯೇ ಇರುತ್ತದೆ.

ಹೀಗೆ ಬರುವ ಮಾಹಿತಿಯ ಸ್ವರೂಪವನ್ನೂ ತಿಳಿಯಬೇಕು. ಅದು 188 ಬೈಟುಗಳ ಪೊಟ್ಟಣಗಳ ಪ್ರವಾಹ. ಪ್ರತಿ ಪೊಟ್ಟಣದ ತಲೆಯಲ್ಲಿ ಒಂದು ಗುರುತಿನ ಸಂಖ್ಯೆಯಿರುತ್ತದೆ. ಒಂದೇ ವಾಹಕ ತರಂಗದಲ್ಲಿ ಅನೇಕ ವಾಹಿನಿಗಳ ಚಿತ್ರ, ಧ್ವನಿ, ಕಾರ್ಯಕ್ರಮಪಟ್ಟಿಗಳು ಕಲಸಿ ಬಂದರೂ ಈ ಸಂಖ್ಯೆಯಿಂದ ಬೇರ್ಪಡಿಸಬಹುದು. ಸೆಕೆಂಡಿಗೆ 2 ಕೋಟಿ 95 ಲಕ್ಷ ಸಂಕೇತಗಳು, ಸಂಕೇತಕ್ಕೆ 2 ಬಿಟ್ಟು, ದೋಷ ತಿದ್ದುವುದಕ್ಕೆ ಮೊದಲ ಹಂತದಲ್ಲಿ ನಾಲ್ಕರಲ್ಲಿ ಒಂದು ಪಾಲು, ಎರಡನೆಯ ಹಂತದಲ್ಲಿ 204ರಲ್ಲಿ 16 ಪಾಲು ಕಳೆದರೆ ಉಳಿಯುವುದು ಸೆಕೆಂಡಿಗೆ ಸುಮಾರು 40.8 ಮೆಗಾಬಿಟ್. ಇಡೀ ವಾಹಕವನ್ನು ದಾಖಲಿಸಿದರೆ ಗಂಟೆಗೆ ಸುಮಾರು 18 ಗಿಗಾಬೈಟ್. ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ: ಒಂದೇ ಟ್ಯೂನರು ಒಂದು ವಾಹಕಕ್ಕೆ ನಿಂತಿರುವಾಗ ಅದರಲ್ಲಿರುವ ಎಲ್ಲ ವಾಹಿನಿಗಳನ್ನೂ ಏಕಕಾಲದಲ್ಲಿ ದಾಖಲಿಸಬಹುದು. ಸೆಟ್‌ಟಾಪ್ ಪೆಟ್ಟಿಗೆಗಳಲ್ಲಿ ಕೆಲವು ಪೆನ್‌ಡ್ರೈವಿಗೆ ದಾಖಲಿಸುತ್ತವೆಯಾದರೂ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದು ವಾಹಿನಿಯನ್ನು ಮಾತ್ರ. ಕೇವಲ ನೋಡಬೇಕೆನ್ನುವವರು ಪೆಟ್ಟಿಗೆಯನ್ನೇ ಕೊಳ್ಳುವುದು ಲೇಸು. ಅವರಿಗೆ ಕಾರ್ಡು ದಂಡ.

ಗಣಕಕ್ಕೆ ಕಾರ್ಡನ್ನು ಕೂಡಿಸುವ ಮಾರ್ಗದ ವಿಷಯದಲ್ಲಿ ವೇಗದ ಚಿಂತೆ ಬೇಡ. ಹಳೆಯ ಪಿಸಿಐ, ಈಗಿನ ಪಿಸಿಐ ಎಕ್ಸ್‌ಪ್ರೆಸ್, ಯುಎಸ್‌ಬಿ 2 ಇವು ಯಾವುವೂ 40 ಮೆಗಾಬಿಟ್ಟಿಗೆ ಬಳಲುವುದಿಲ್ಲ. ಪಿಸಿಐ ಗಾಡಿಯು ಹೊಸ ಗಣಕಗಳಲ್ಲಿ ಕಾಣೆಯಾಗಿರುವುದರಿಂದ ಅದನ್ನು ಬಿಡಬೇಕು. ಯುಎಸ್‌ಬಿ ಸಾಧನವನ್ನು ಆರಿಸುವುದಾದರೆ ವಿದ್ಯುತ್ತಿನ ಲೆಕ್ಕ ನೋಡಬೇಕು: ಯುಎಸ್‌ಬಿ 2ರ ಕಿಂಡಿಯಿಂದ ದೊರೆಯುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರು, ಎಂದರೆ ಎರಡೂವರೆ ವಾಟು. ಎಲ್‌ಎನ್‌ಬಿಯೊಂದೇ ಅದಕ್ಕಿಂತ ಹೆಚ್ಚು ಕೇಳಬಹುದು. ಆದುದರಿಂದ ಪ್ರತ್ಯೇಕ ಅಡಾಪ್ಟರು ಇರುವ ಸಾಧನವೇ ಆಗಬೇಕು; ಇಲ್ಲವಾದರೆ 18 ವೋಲ್ಟು ಬೇಕಾದ ವಾಹಿನಿಗಳು ಮಾತ್ರ ಬಾರದೆ ಹೋಗುವಂತಹ ವಿಚಿತ್ರ ತೊಂದರೆಗಳು ಕಾಣಿಸಿಕೊಂಡಾವು.

ನಮ್ಮ ಅಭಿಪ್ರಾಯದಲ್ಲಿ ಆಯ್ಕೆಯ ನಿಜವಾದ ಕೀಲಿಯು ಚಾಲಕ ತಂತ್ರಾಂಶ. ಕಾರ್ಡಿನ ಚಿಪ್ಪುಗಳೊಡನೆ ಗಣಕದ ಕಾರ್ಯವ್ಯವಸ್ಥೆಯು ಮಾತಾಡುವುದು ಇದರ ಮೂಲಕ. ತಯಾರಕನು ಒಂದು ಕಾರ್ಯವ್ಯವಸ್ಥೆಗೆ ಚಾಲಕವನ್ನು ಬರೆದು ಸಿಡಿಯಲ್ಲಿ ಕೊಡುತ್ತಾನೆ; ಐದಾರು ವರ್ಷದಲ್ಲಿ ಕಾರ್ಯವ್ಯವಸ್ಥೆ ಬದಲಾಗುತ್ತದೆ; ತಯಾರಕನಿಗೆ ಹಳೆಯ ಸರಕಿನ ಮೇಲೆ ಆಸಕ್ತಿ ಉಳಿದಿರುವುದಿಲ್ಲ; ಕಾರ್ಡು ಸರಿಯಾಗಿದ್ದರೂ ಗಣಕವು ಅದನ್ನು ಗುರುತಿಸುವುದಿಲ್ಲ. ಲಿನಕ್ಸಿನಲ್ಲಿ ಪರಿಸ್ಥಿತಿ ಬೇರೆ. ಅಂಕೀಯ ದೂರದರ್ಶನಕ್ಕಾಗಿ ಅದರಲ್ಲಿ ಒಂದು ಸಾಮಾನ್ಯ ಸಂಪರ್ಕಕ್ರಮವಿದೆ. ಚಾಲಕವು ಲಿನಕ್ಸಿನ ತಿರುಳಿನಲ್ಲಿಯೇ ಸೇರಿದ್ದರೆ ತಿರುಳು ಹೊಸದಾದಂತೆಲ್ಲ ಅದೂ ಜೊತೆಗೆ ಸಾಗುತ್ತದೆ. ಟೆವಿ ಎಸ್470 ಎಂಬ ಹಳೆಯ ಡಿವಿಬಿ-ಎಸ್2 ಕಾರ್ಡಿನ ಚಾಲಕವು ಹೀಗೆ ತಿರುಳಿಗೆ ಸೇರಿದೆ. ಟಿಬಿಎಸ್ ಸಂಸ್ಥೆಯು ತನ್ನ ಕಾರ್ಡುಗಳಿಗೆ ಮುಕ್ತ ಚಾಲಕವನ್ನೇ ಕೊಡುತ್ತದೆಯಾದರೂ ಅದನ್ನು ತಿರುಳಿನಿಂದ ಬೇರೆಯಾಗಿ ತಂದು ಕಟ್ಟಿಕೊಳ್ಳಬೇಕಾಗುತ್ತದೆ. ತಿರುಳು ಬದಲಾದಾಗಲೆಲ್ಲ ಈ ಕೆಲಸ ಮರುಕಳಿಸುತ್ತದೆ. ಪರಿಣತರಿರುವ ಕಾಲೇಜಿಗೆ ಇದು ದೊಡ್ಡ ಹೊರೆಯಲ್ಲ. ಒಬ್ಬರೇ ಉಪಾಧ್ಯಾಯರು ಗಣಕವನ್ನೂ ನೋಡಿಕೊಂಡು ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದ ಶಾಲೆಗೆ ಹೊರೆಯೇ ಸರಿ.

ಇದಕ್ಕೆ ಸೇರಿದ ಇನ್ನೊಂದು ಮಾತು. ಹಗಲಿರುಳು ದಾಖಲು ಮಾಡುವ ಗಣಕವು ಕೆಲವೇ ವಾಟುಗಳಲ್ಲಿ ನಡೆಯುವ ರಾಸ್ಪ್‌ಬೆರಿ ಪೈನಂತಹ ಚಿಕ್ಕದಾಗಿದ್ದರೆ ವಿದ್ಯುತ್ತು ಹೋದಾಗಲೂ ಸಾಧಾರಣ ಬ್ಯಾಟರಿಯಿಂದ ಬಹಳ ಹೊತ್ತು ನಡೆದೀತು. ಆದರೆ ಅದರ ಸಂಸ್ಕಾರಕವು ಮೇಜುಗಣಕಗಳದಕ್ಕಿಂತ ಬೇರೆಯ ಜಾತಿಯದು. ಮೂಲವನ್ನು ಬಚ್ಚಿಟ್ಟು ಮೇಜುಗಣಕಕ್ಕೆಂದು ಸಿದ್ಧಮಾಡಿ ಕೊಟ್ಟ ಚಾಲಕವು ಅದರಲ್ಲಿ ನಡೆಯುವುದೇ ಇಲ್ಲ. ತಿರುಳಿನಲ್ಲಿರುವ ಮುಕ್ತ ಚಾಲಕವು ಎರಡರಲ್ಲಿಯೂ ನಡೆಯುತ್ತದೆ. ಉಪಗ್ರಹಗಳ ಆಯುಸ್ಸನ್ನೂ ನೆನೆಯಬೇಕು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಪಾಠ ತಲುಪಿಸಿದ ಎಜುಸ್ಯಾಟ್ 2004ರ ಸೆಪ್ಟೆಂಬರ್ 20ರಂದು ಹಾರಿ 2010ರಲ್ಲಿ ನಿವೃತ್ತವಾಯಿತು. 2015ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-15ಕ್ಕೆ ನಿಯೋಜಿಸಿದ ಆಯುಸ್ಸು 12 ವರ್ಷ. ಈಗ ಕೊಳ್ಳುವ ಕಾರ್ಡು ಮುಂದೆ ಬರುವ ಇನ್ನೊಂದು ಉಪಗ್ರಹವನ್ನೂ ಕಾಣಬೇಕಾಗುತ್ತದೆ. ಆವೃತ್ತಿಪಟ್ಟಿಯನ್ನು ಕೈಯಿಂದ ಬದಲಿಸಲು ಅವಕಾಶವಿರುವ, ಸಾಧ್ಯವಾದರೆ ಅರಿಯದ ವಾಹಕಗಳನ್ನೂ ತಾನೇ ಹುಡುಕಬಲ್ಲ ಚಿಪ್ಪುಳ್ಳ ಕಾರ್ಡು ಆಗ ನೆರವಿಗೆ ಬರುತ್ತದೆ. ಫ್ರೀ ಡಿಶ್ಶಿನ ಸ್ಥಾನಗಳನ್ನು ವಾಹಿನಿಗಳಿಗೆ ಹರಾಜಿನಿಂದ ಹಂಚುವ ಪದ್ಧತಿಯಿರುವುದರಿಂದ ಉಪಗ್ರಹ ಬದಲಾಗದಿದ್ದರೂ ಪಟ್ಟಿಯು ಬದಲಾಗುತ್ತಲೇ ಇರುತ್ತದೆ.

ಎರಡು ಟ್ಯೂನರುಗಳು ಬೇಕೆ? ಚಂದನವೂ ಶಿಕ್ಷಣ ವಾಹಿನಿಗಳೂ ಬೇರೆ ಬೇರೆ ವಾಹಕಗಳಲ್ಲಿದ್ದು ಒಂದೇ ಹೊತ್ತಿನಲ್ಲಿ ಎರಡೂ ಬೇಕಾದರೆ ಬೇಕು. ಎರಡು ವಾಹಕಗಳೂ ಒಂದೇ ಧ್ರುವೀಕರಣದಲ್ಲಿ, ಪಟ್ಟಿಯ ಒಂದೇ ಭಾಗದಲ್ಲಿದ್ದರೆ ಕೇಬಲ್ಲನ್ನು ಸ್ಪ್ಲಿಟರಿನಿಂದ ಕವಲೊಡೆಸಬಹುದು. ಇಲ್ಲದಿದ್ದರೆ ಎರಡು ಬಾಯಿಯ ಎಲ್‌ಎನ್‌ಬಿಯೇ ಆಗಬೇಕು. ಕವಲೊಡೆಸುವಾಗ ಒಂದೇ ಕಡೆಯಿಂದ ವಿದ್ಯುತ್ತು ಹೋಗುವಂತೆ ನೋಡಿಕೊಳ್ಳುವುದು ಅವಶ್ಯ.

ಕಾರ್ಡಿನ ತಂತ್ರಾಂಶವು ತೋರಿಸುವ ಶೇಕಡಾ ಅಂಕಗಳನ್ನು ಹೋಲಿಸಿ ಈ ಕಾರ್ಡು ಮೇಲು, ಆ ಕಾರ್ಡು ಕೀಳು ಎನ್ನುವುದು ವ್ಯರ್ಥ. ಒಬ್ಬೊಬ್ಬ ತಯಾರಕನ ಶೇಕಡಾ ಒಂದೊಂದು ಬಗೆ. ಸಂಕೇತಕ್ಕೂ ಗದ್ದಲಕ್ಕೂ ಇರುವ ಅನುಪಾತವನ್ನು ಡೆಸಿಬೆಲ್ಲಿನಲ್ಲಿ ತೋರಿಸುವ, ತಿದ್ದಲಾಗದೆ ಉಳಿದ ದೋಷಗಳನ್ನು ಎಣಿಸುವ ಕಾರ್ಡು ಮಾತ್ರ ಪರೀಕ್ಷೆಗೆ ನಿಲ್ಲುತ್ತದೆ. ಕ್ಯೂ-ಪಟ್ಟಿಯ ತರಂಗವು ಬಿರುಮಳೆಯಲ್ಲಿ ಕುಗ್ಗುತ್ತದೆ. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಬಯಲುಸೀಮೆಯಲ್ಲಿ ಮಲೆನಾಡಿನಷ್ಟು ಈ ಬಾಧೆಯಿಲ್ಲವಾದರೂ ಮುಂಗಾರಿನ ಗುಡುಗುಮಳೆ ಉಂಟಷ್ಟೆ. ಮನೆಯವರು 60 ಸೆಂಟಿಮೀಟರಿನ ಡಿಶ್ಶಿನಿಂದ ತೃಪ್ತರಾಗಬಹುದು. ದಾಖಲೆಗೆ ನಾವು 90 ಸೆಂಟಿಮೀಟರನ್ನು ಸೂಚಿಸುತ್ತೇವೆ. ಕ್ಷೇತ್ರಫಲವು ಎರಡೂಕಾಲು ಪಟ್ಟಾಗುವುದರಿಂದ ಸುಮಾರು ಮೂರೂವರೆ ಡೆಸಿಬೆಲ್ಲಿನಷ್ಟು ಹೆಚ್ಚುವರಿ ಬಲ ದೊರೆಯುತ್ತದೆ. ಎರಡು ಕಾರ್ಡುಗಳ ನಡುವೆ ಇಷ್ಟು ಅಂತರ ಸಿಕ್ಕುವುದು ಅಪರೂಪ.

ದಾಖಲಿಸುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಉಪಾಧ್ಯಾಯರು ಕೇಳುವುದುಂಟು. 1957ರ ಕೃತಿಸ್ವಾಮ್ಯ ಅಧಿನಿಯಮದ 37ನೆಯ ಪ್ರಕರಣವು ಪ್ರಸಾರಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ವಿಶೇಷ ಹಕ್ಕನ್ನು ಕೊಡುತ್ತದೆ. 39ನೆಯ ಪ್ರಕರಣವು ಸ್ವಂತ ಉಪಯೋಗಕ್ಕಾಗಲಿ, ಪ್ರಾಮಾಣಿಕವಾದ ಬೋಧನೆ ಅಥವಾ ಸಂಶೋಧನೆಗಾಗಿಯೇ ಆಗಲಿ ಮಾಡಿದ ದಾಖಲೆಯು ಆ ಹಕ್ಕಿಗೆ ಭಂಗವಲ್ಲವೆಂದು ಹೇಳುತ್ತದೆ. ತರಗತಿಯಲ್ಲಿ ತೋರಿಸುವುದಕ್ಕಾಗಿ ದಾಖಲಿಸಲು ಈ ಆಧಾರ ಸಾಕು. ಅದನ್ನು ಮಾರುವುದಕ್ಕೂ ಅಂತರ್ಜಾಲಕ್ಕೆ ಏರಿಸುವುದಕ್ಕೂ ಇದು ಆಧಾರವಾಗದು. ಗೂಢಸಂಕೇತದಲ್ಲಿ ಮುಚ್ಚಿದ ವಾಹಿನಿಗಳ ಮಾತು ಬೇರೆ. ಅಂತಹವನ್ನು ಪೊಟ್ಟಣದ ತಲೆಯಲ್ಲಿರುವ ಎರಡು ಬಿಟ್ಟುಗಳ ಗುರುತಿನಿಂದಲೇ ಶೋಧಕ ತಂತ್ರಾಂಶವು ತಿಳಿಸುತ್ತದೆ. ಅವನ್ನು ತೆರೆಯುವೆನೆಂದು ಹೇಳುವ ಕಾರ್ಡನ್ನು ಶಾಲೆಯ ಹೊಸ್ತಿಲೊಳಗೆ ತರಬಾರದು.

ಇಷ್ಟನ್ನು ಹಿಡಿದು ಉಚ್ಚಂಗಿದುರ್ಗದ ಒಂದು ಶಾಲೆಗೆ ನಾವು ಸೂಚಿಸುವುದು ಇದು: ಡಿವಿಬಿ-ಎಸ್2 ಗ್ರಹಿಸುವ, ಚಾಲಕವು ಲಿನಕ್ಸ್ ತಿರುಳಿನಲ್ಲಿರುವ, ಸ್ವಂತ ಅಡಾಪ್ಟರುಳ್ಳ ಒಂದು ಯುಎಸ್‌ಬಿ ಟ್ಯೂನರು, ಚಿಕ್ಕ ಗಣಕ, ಟಿವಿಹೆಡೆಂಡ್ ಎಂಬ ಮುಕ್ತ ತಂತ್ರಾಂಶ, ಬ್ಯಾಟರಿ. ಹಣ ಕೊಡುವ ಮೊದಲು ಕಾರ್ಡಿನ ಹೆಸರನ್ನಲ್ಲ, ಅದರೊಳಗಿನ ಚಿಪ್ಪಿನ ಹೆಸರನ್ನು ಕೇಳಿ ಬರೆದುಕೊಳ್ಳಬೇಕು. ಒಂದೇ ಹೆಸರಿನ ಸಾಧನದಲ್ಲಿ ತಯಾರಕರು ಸದ್ದಿಲ್ಲದೆ ಚಿಪ್ಪನ್ನು ಬದಲಿಸುವುದುಂಟು. ಪ್ರಕಟಿತ ಕಾರ್ಯಕ್ರಮದ ಹೊತ್ತು ಅತ್ತಿತ್ತ ಆಗುವುದರಿಂದ ದಾಖಲೆಯನ್ನು ಹತ್ತು ನಿಮಿಷ ಮುಂಚೆ ಆರಂಭಿಸಿ ಹತ್ತು ನಿಮಿಷ ತಡವಾಗಿ ಮುಗಿಸುವಂತೆ ಹೊಂದಿಸಬೇಕು. ಸಾಧಾರಣ ಗುಣದ ವಾಹಿನಿಯೊಂದು ಸೆಕೆಂಡಿಗೆ ಎರಡೂವರೆಯಿಂದ ಮೂರು ಮೆಗಾಬಿಟ್ ತೆಗೆದುಕೊಳ್ಳುವುದೆಂದು ಇಟ್ಟುಕೊಂಡರೆ ಗಂಟೆಯ ಪಾಠಕ್ಕೆ ಸುಮಾರು ಒಂದೂಕಾಲು ಗಿಗಾಬೈಟ್ ಸ್ಥಳ ಬೇಕು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ದಿನಕ್ಕೆ 4 ಗಂಟೆಯಂತೆ 200 ದಿನಗಳ ಪಾಠವು ಹಿಡಿಸುತ್ತದೆ.